ಕಾಲಲ್ಲಿ ಹುಡುಕುವಾತ

ಪಾದ್ರಿಗಳೇ, ನಿಮ್ಮ ಕುರಿಯ ಕತೆ ನನಗೆ ಹತ್ತುವುದಿಲ್ಲ.
ಕೋಡಿಬಾಗದಲ್ಲಿ ಕುರಿ ಯಾರು ಸಾಕುತ್ತಾರೆ?
ನೂರರಲ್ಲಿ ಒಂದು ಮೀನು ಜಾರಿತೆಂದು
ಬಲೆ ಬಿಟ್ಟು ಹಿಂದೆ ಓಡಿದವನನ್ನು
ನಮ್ಮ ಧಕ್ಕೆಯಲ್ಲಿ ಮರುಳ ಅನ್ನುತ್ತಾರೆ.

ನನಗೆ ಗೊತ್ತಿರುವುದು ಬಳಚು.
ಇಳಿತದಲ್ಲಿ ಕಾಳಿಯ ಅಳಿವೆ ಸೊಂಟಮಟ್ಟ ಬಂದಾಗ
ಹೆಂಗಸರು ಸೀರೆ ಎತ್ತಿ ಕಟ್ಟಿ ಇಳಿಯುತ್ತಾರೆ,
ಅಲ್ಯೂಮಿನಿಯಂ ಬೋಗುಣಿ ಹಗ್ಗದಲ್ಲಿ ಹಿಂದೆ ಹಿಂದೆ ತೇಲುತ್ತ.
ಕಣ್ಣು ಸದಾಶಿವಗಡದ ಕಡೆಗೆ,
ಬಾಯಿ ಒಬ್ಬಳ ಸೊಸೆಯ ಮೇಲೆ, ಇನ್ನೊಬ್ಬಳ ಸಾಲದ ಮೇಲೆ.
ಹುಡುಕುವುದು ಕಾಲು.
ಹೆಬ್ಬೆರಳು ಕೆಸರನ್ನು ಕೇಳುತ್ತದೆ: ಇದ್ದೀಯಾ?
ಮುಟ್ಟಿದೊಡನೆ ಬಳಚು ಬಾಯಿ ಬಿಗಿಯುತ್ತದೆ,
ಇನ್ನಷ್ಟು ಆಳಕ್ಕೆ ಜಾರುತ್ತದೆ.
ಕಾಲೂ ಇಳಿಯುತ್ತದೆ.

ನಾನು ಇನಾಸ್. ಮಾಜಾಳಿ ತನಿಖಾ ಠಾಣೆಯ ಹಿಂದಿನ ಕತ್ತಲೆಗೆ
ನನ್ನ ಹೆಜ್ಜೆ ಪರಿಚಯ.
ದೋಣಿಯ ತಳದಲ್ಲಿ ಗೋವೆಯ ಫೆನಿ,
ಮೇಲೆ ಒಂದು ಪದರ ಬಂಗಡೆ.
ಆ ರಾತ್ರಿ ಜತೆಗಿದ್ದವನು ಸಾಂತಾನ್,
ಬಡಗಿ ಬೊಸ್ತ್ಯಾಂವನ ಮಗ, ಹತ್ತೊಂಬತ್ತು,
ಉಳಿ ಹಿಡಿಯಬಲ್ಲ, ಈಜು ಬಾರದು.
ಗಸ್ತಿನ ದೀಪ ಬಿತ್ತು. ದೋಣಿ ಮಗುಚಿತು.
ಇನಾಸ್ ಮಾಮಾ, ಅಂದ.
ಇನಾಸ್ ಮಾಮಾ.
ಮೂರನೆಯದು ಕೇಳಬಾರದೆಂದು
ನಾನು ಕಿವಿಯನ್ನು ನೀರೊಳಗೆ ಮುಳುಗಿಸಿ ಈಜಿದೆ.

ನಾಲ್ಕನೆಯ ದಿನ ದೇವಬಾಗದ ಮರಳು ಅವನನ್ನು ಒಪ್ಪಿಸಿತು.
ಹುಡುಗ ಒಬ್ಬನೇ ಹೋಗಿದ್ದ ಎಂದು ಠಾಣೆಯಲ್ಲಿ ಬರೆದರು.
ಹೌದು ಒಬ್ಬನೇ, ಅಂದೆ ನಾನೂ.

ಊರಿಗೆ ಗೊತ್ತಿರಲಿಲ್ಲವೇ?
ಚಹದಂಗಡಿಯಲ್ಲಿ ನಾನು ಕೂತ ಬೆಂಚು ಖಾಲಿಯಾಗುತ್ತಿತ್ತು.
ಸಂಜೆಯ ಗಂಟೆ ಬಡಿದರೆ ಬೈತಖೋಲದ
ಮಂಜುಗಡ್ಡೆ ಕಾರ್ಖಾನೆಗೆ ಹೋಗಿ ನಿಲ್ಲುತ್ತಿದ್ದೆ:
ಆ ಯಂತ್ರದ ಸದ್ದಿನಲ್ಲಿ
ದೇವರೂ ಗಂಟಲು ಹರಿದುಕೊಳ್ಳಬೇಕು.
ಅವನು ಕೂಗಲಿಲ್ಲ.
ಒಂದು ಹೆಬ್ಬೆರಳು ಮುಟ್ಟಿದಂತಾಯಿತು, ಅಷ್ಟೇ.
ಜಾರಿದೆ: ಹಾರವಾಡ, ಬೇಲೆಕೇರಿ, ತದಡಿ.
ಎಲ್ಲಿ ಚಾಪೆ ಹಾಸಿದರೂ ನಡುರಾತ್ರಿ
ಬೆನ್ನ ಕೆಳಗೆ ಕೆಸರು ಮೆಲ್ಲಗೆ ಅಲುಗುತ್ತಿತ್ತು.
ಬಾಯಿ ಬಿಗಿದೆ. ಏಳು ವರ್ಷ.

ಕಳೆದ ತಪಸ್ಸುಕಾಲದ ಒಂದು ಶುಕ್ರವಾರ
ತದಡಿಯ ನನ್ನ ಜೋಪಡಿಗೆ ಪಿಯೆದಾದ್ ಬಂದಳು,
ಸಾಂತಾನನ ತಾಯಿ,
ಎರಡು ಬಸ್ಸು ಬದಲಿಸಿ, ಒದ್ದೆ ಚೀಲ ಹೊತ್ತು.
ಪಾತ್ರೆ ಎಲ್ಲಿ, ಅಂದಳು.
ನಾನು ಕದದ ಹಿಂದೆ ನಿಂತಿದ್ದೆ. ಅವಳೇ ಹುಡುಕಿಕೊಂಡಳು,
ಒಲೆ ಊದಿದಳು, ಬಳಚು ಸುರಿದಳು, ಕೂತಳು.

ಅವಳ ಪಾದ ನೋಡಿದೆ.
ನೀರಲ್ಲಿ ನೆನೆದು ಬಿಳಿಚಿದ ಚರ್ಮ,
ಚಿಪ್ಪು ಕೊಯ್ದ ಗಾಯ, ಹಳತರ ಮೇಲೆ ಹೊಸತು.
ಶುಭಶುಕ್ರವಾರ ನೀವು ಪಾದದ ಗಾಯಕ್ಕೆ
ಮುತ್ತಿಡಿ ಎಂದು ಸಾಲು ನಿಲ್ಲಿಸುತ್ತೀರಿ.
ನನ್ನ ತುಟಿ ಅಲುಗಲಿಲ್ಲ.

ಒಂದೇ ಮಾತು ಕೇಳುತ್ತೇನೆ, ಅಂದಳು.
ನನ್ನ ಮಗ ಕೊನೆಗೆ ಯಾರನ್ನಾದರೂ ಕರೆದನೇ?

ಬಳಚು ಹೇಗೆ ಬಾಯಿ ಬಿಡುತ್ತದೆ ಗೊತ್ತೇ, ಪಾದ್ರಿಗಳೇ?
ಕತ್ತಿ ಹಾಕಿದರೆ ಚೂರಾಗುತ್ತದೆ.
ಬಿಸಿಗೆ, ತನ್ನಷ್ಟಕ್ಕೆ,
ಟಿಕ್ ಎಂಬ ಸಣ್ಣ ಸದ್ದು.
ಕರೆದ, ಅಂದೆ. ನನ್ನನ್ನು.

ಅವಳು ಬಹಳ ಹೊತ್ತು ಸುಮ್ಮನಿದ್ದಳು.
ಕ್ಷಮಿಸಿದೆ ಅನ್ನಲಿಲ್ಲ. ನಾನೂ ಕೇಳಲಿಲ್ಲ.
ತಟ್ಟೆಗೆ ಬಡಿಸಿದಳು, ಎದುರು ಕೂತು ತಾನೂ ತಿಂದಳು.
ಒಂದು ಮಾತ್ರ ಬೆಂದರೂ ತೆರೆದಿರಲಿಲ್ಲ.
ಅಂಥದ್ದು ಸತ್ತದ್ದು, ಎಸೆ ಅನ್ನುತ್ತಾರೆ ನಮ್ಮಲ್ಲಿ.
ಅವಳು ಅದನ್ನು ಬೆರಳಲ್ಲಿ ತಿರುಗಿಸಿ ನೋಡಿ
ಮತ್ತೆ ಒಲೆಗಿಟ್ಟಳು.

ನೀವು ನಿಮ್ಮ ಕುರಿಯ ಕತೆ ಮುಂದುವರಿಸಿ.
ನಾನು ಹಿಂದಿನ ಬಾಗಿಲಲ್ಲೇ ನಿಂತಿರುತ್ತೇನೆ,
ಕೊನೆಯವರೆಗೆ ಇರಲಾರೆ.
ಇವತ್ತು ಇಳಿತ ಒಂಬತ್ತೂಕಾಲಿಗೆ.
ಪಿಯೆದಾದ್‌ಗೆ ಮೊಣಕಾಲು ನೋವು,
ಬೋಗುಣಿ ಹಿಡಿಯಲು ಒಬ್ಬ ಬೇಕಂತೆ.