ಮೂರು ಗಂಟೆಯ ಕುರ್ಚಿ

ವಾಲ್ಪರೈಸೊದ ಗುಡ್ಡದ ಮೇಲಿನ ಆಸ್ಪತ್ರೆ.
ಅದರ ನೆಲಮಾಳಿಗೆಯಲ್ಲಿ ನಾವು, ಒಗೆಯುವವರು.
ಮೇಲೆ ಹುಟ್ಟಿದವರ, ಸತ್ತವರ,
ಎರಡೂ ಆಗದೆ ಸುಮ್ಮನೆ ಬೆವರಿದವರ
ಹಾಸು ಹೊದಿಕೆಗಳೆಲ್ಲ ಒಂದೇ ಕೊಳವೆಯಲ್ಲಿ ಜಾರಿ
ನಮ್ಮ ಕಾಲ ಬುಡಕ್ಕೆ ಬೀಳುತ್ತಿದ್ದವು.

ಎಡೆಲ್ಮೀರಾ ನಮ್ಮ ಮೇಸ್ತ್ರಿ.
ಇಪ್ಪತ್ತಾರು ವರ್ಷ.
ರಾತ್ರಿ ಮೂರಕ್ಕೆ ಸರಿಯಾಗಿ ಬಕೆಟ್ಟಿಗೆ ಬಿಸಿನೀರು ಬಿಟ್ಟು
ಒಂದು ಹಿಡಿ ಉಪ್ಪು ಹಾಕಿ
ನೀಲಿ ಕುರ್ಚಿಯಲ್ಲಿ ಕೂತು ಕಾಲು ಇಳಿಬಿಡುತ್ತಿದ್ದಳು.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ;
ರಾತ್ರಿಗೆ ಆರುನೂರು ಹಾಸಿಗೆ ಒಗೆದವಳಿಗೆ
ಕಾಲು ಚಾಚಲು ಸಿಕ್ಕಿದ್ದು ಒಂದು ಬಕೆಟ್ಟು.
ಹತ್ತು ನಿಮಿಷ. ಕಣ್ಣು ಮುಚ್ಚಿ.
ಯಂತ್ರ ಬಡಿದುಕೊಳ್ಳಲಿ, ಮೇಲಿನಿಂದ ಫೋನು ಬರಲಿ,
ಹತ್ತು ಅಂದರೆ ಹತ್ತು.

ನನಗೆ ಆಗ ಇಪ್ಪತ್ತೆರಡು. ಅಂದುಕೊಂಡಿದ್ದೆ:
ಸೋಮಾರಿ ಮುದುಕಿ. ನಾನಾಗಿದ್ದರೆ.

ಆ 'ನಾನಾಗಿದ್ದರೆ' ಯಾರಿಗೆ ಕೇಳಿಸಿತೋ,
ಅವಳು ನಿವೃತ್ತಳಾದ ದಿನ
ಬೀಗದಕೈ ಗೊಂಚಲು ನನ್ನ ಕೈಗೇ ಬಂತು.

ಮೊದಲು ಕುರ್ಚಿಯನ್ನು ಉಗ್ರಾಣಕ್ಕೆ ಹಾಕಿಸಿದೆ.
ಆಮೇಲೆ ಗೋಡೆಗೆ ಕಪ್ಪು ಹಲಗೆ,
ಗಂಟೆಗೆ ಯಾರು ಎಷ್ಟು ಎಂದು ಸೀಮೆಸುಣ್ಣದ ಲೆಕ್ಕ.
ಎಲ್ಲರಿಗಿಂತ ಮುಂಚೆ ಬಂದೆ, ಎಲ್ಲರೂ ಹೋದ ಮೇಲೆ ಹೋದೆ,
ಅವರ ಬುಟ್ಟಿಗಳನ್ನೂ ನಾನೇ ನೂಕಿದೆ,
ನೂಕುವಾಗ ಕೇಳಿಸಲಿ ಎಂದು
ಸ್ವಲ್ಪ ಸದ್ದು ಮಾಡಿಯೇ ನೂಕಿದೆ.
ಮೊದಲ ತಿಂಗಳು ಅಂಕಿ ಏರಿತು.
ಮೇಲಿನವರು ಒಂದು ಪೆಟ್ಟಿಗೆ ಕೇಕು ಕಳಿಸಿದರು.
ತಿನ್ನಲು ಯಾರಿಗೂ ಪುರುಸೊತ್ತಿರಲಿಲ್ಲ.

ಯೊಬಾನಾ ಹಾಡುವುದು ನಿಂತಿತು;
ಯಾವತ್ತು ಎಂದು ಕೇಳಿದರೆ ನನಗೆ ಗೊತ್ತಿಲ್ಲ.
ಇಸ್ತ್ರಿ ಉರುಳೆಗೆ ತಾಗಿ ರಾದೊಮೀರೋನ ಎರಡು ಬೆರಳು ಬೊಬ್ಬೆ ಎದ್ದವು.
ಚಿಂದಿ ಸುತ್ತಿ ಜೇಬಿನಲ್ಲಿ ಇಟ್ಟುಕೊಂಡ,
ಐದು ದಿನ ನನಗೆ ಹೇಳಲಿಲ್ಲ.
ಯಾಕೆ ಅಂದರೆ, "ಹಲಗೆಯಲ್ಲಿ ಬೆರಳಿಗೆ ಜಾಗ ಇಲ್ಲವಲ್ಲ."
ಕುಟುಕಿದ್ದಲ್ಲ. ನಿಜವಾಗಿ ಹೇಳಿದ.
ಅದಕ್ಕೇ ಇವತ್ತಿಗೂ ಚುಚ್ಚುತ್ತದೆ.

ಜುಲೈ, ಕೊರೆಯುವ ಚಳಿ.
ಕೆಳಗೆ ಬಂದರಿನಲ್ಲಿ ಮಂಜು, ಕಾಣದ ಹಡಗುಗಳ ಕೂಗು.
ನಾನು ಸರಿಯಾಗಿ ಮಲಗಿ ಎಷ್ಟು ದಿನವಾಗಿತ್ತೋ.
ಹೆರಿಗೆ ವಾರ್ಡಿನ ದೊಡ್ಡ ಹಾಸೊಂದನ್ನು
ಒಬ್ಬಳೇ ಮಡಚಲು ಹೋದೆ.
ಗಲ್ಲಕ್ಕೆ ಅಂಚು ಒತ್ತಿ, ಎರಡೂ ಕೈ ಚಾಚಿ
ಶಿಲುಬೆಯ ಹಾಗೆ ನಿಂತೆ.
ಹಾಗೆ ನಿಲ್ಲುವುದು ನನಗೆ ಇಷ್ಟವೂ ಆಗಿತ್ತು, ಸುಳ್ಳೇಕೆ.
ತುದಿ ಜಾರಿ ಒದ್ದೆ ನೆಲಕ್ಕೆ ಬಿತ್ತು.

ಓಸ್ವಾಲ್ದಿನಾ ಬಂದು ಆ ತುದಿ ಎತ್ತಿಕೊಂಡಳು,
ಹಿಂದಡಿಯಿಟ್ಟು ದೂರ ಸರಿದಳು.
"ಎಳೆ. ಕಿತ್ತುಕೊಳ್ಳಬೇಡ."
ಬಟ್ಟೆ ಬಿಗಿಯಾಯಿತು.
ಅವಳ ತೋಳಿನ ನಡುಕ ನನ್ನ ಬೆರಳ ತನಕ ಬಂತು,
ನನ್ನದೂ ಅವಳಿಗೆ ಮುಟ್ಟಿರಬೇಕು.
ನಾಲ್ಕು ಹೆಜ್ಜೆ ಎದುರಾಗಿ ನಡೆದು ಬಂದು
ಅಂಚನ್ನು ನನ್ನ ಕೈಗಿಟ್ಟಳು.
ಅದನ್ನು ಮತ್ತೆ ಒಗೆಯಬೇಕಾಯಿತು, ಆ ಮಾತು ಬೇರೆ.

"ಎಡೆಲ್ಮೀರಾ ಯಾಕೆ ಕೂರುತ್ತಿದ್ದಳು?"
"ಕಾಲು ನೋಯುತ್ತಿತ್ತು."
ಸ್ವಲ್ಪ ತಡೆದು,
"ಅವಳು ಕೂರದೆ ನಾವು ಹೇಗೆ ಕೂರೋದು?"

ಹಲಗೆಯನ್ನು ತೆಗೆದಿಲ್ಲ. ಲೆಕ್ಕ ಬೇಕಲ್ಲ.
ಅದರ ಮೂಲೆಯಲ್ಲಿ ರಾದೊಮೀರೋ ಬರೆದಿದ್ದಾನೆ:
ಬೆರಳು, ಹತ್ತು.
ದಿನವೂ ಮಿಕ್ಕದ್ದನ್ನು ಒರೆಸುತ್ತೇನೆ, ಅದೊಂದನ್ನು ಬಿಟ್ಟು.

ಉಗ್ರಾಣದಿಂದ ಬಂದ ಕುರ್ಚಿಗೆ ಒಂದು ಕಾಲು ಗಿಡ್ಡ.
ಕೇಕಿನ ಪೆಟ್ಟಿಗೆಯ ರಟ್ಟು ಮಡಚಿ ಅಡಿಗಿಟ್ಟೆ.
ಮೂರಕ್ಕೆ ಕೂತೆ. ನಾಚಿಕೆಗೆ ಬೆನ್ನು ಉರಿಯಿತು.
ಯಾರೂ ಕೂರಲಿಲ್ಲ.
ಮರುರಾತ್ರಿಯೂ ಇಲ್ಲ. ನೀರು ಮಾತ್ರ ಆರಿತು.
ನಾಲ್ಕನೆಯ ರಾತ್ರಿ, ಕಣ್ಣು ಮುಚ್ಚಿದ್ದಾಗ,
ಹಿಂದೆ ಎಲ್ಲೋ ಬೆತ್ತದ ಬುಟ್ಟಿ
ಯಾರದೋ ಭಾರಕ್ಕೆ ಕಿರುಗುಟ್ಟಿತು.

ಯಾರೆಂದು ನೋಡಲಿಲ್ಲ.