ತೂಕದ ಚೀಟಿ

ಭೀಮೆಯ ಈ ದಂಡೆಯಲ್ಲಿ, ಅಕ್ಕಲಕೋಟೆ ಕಡೆಗೆ,
ಮೇಜು ಎಂದರೆ ಬೋರಲು ಹಾಕಿದ ಡಾಂಬರು ಪೀಪಾಯಿ.
ಅದರ ಮೇಲೆ ರಟ್ಟಿನ ಪುಸ್ತಕ, ಕಾರ್ಬನ್ ಹಾಳೆ, ಎದುರಿಗೆ ನಾನು.
ಕೆಲಸ ಇಷ್ಟೇ: ಲಾರಿ ಬರಿದಾಗಿ ಬಂದಾಗಿನ ತೂಕ,
ತುಂಬಿ ಹೊರಟಾಗಿನ ತೂಕ.
ನಡುವಿನ ವ್ಯತ್ಯಾಸಕ್ಕೆ
ಸೇತುವೆ ಎಂದು ಹೆಸರು.

ಏಳು ಅಂಕಣದ್ದು. ಮೀಟರ್‌ಗೇಜಿನ ಕಾಲದ್ದು.
ಪಕ್ಕದಲ್ಲಿ ಸಿಮೆಂಟಿನ ಹೊಸದು ಎದ್ದಿದೆ,
ಅದರ ಮೇಲೆ ಗಾಡಿ ಹೋದರೆ
ಮಲಗಿದ ಎಮ್ಮೆಯೂ ಕಿವಿ ಆಡಿಸುವುದಿಲ್ಲ.
ಹಳೆಯದರ ಮೇಲೆ ಹೋದರೆ
ಮೂರು ಊರಿನ ತಾಟು ತಂಬಿಗೆ ಮಾತಾಡುತ್ತಿದ್ದವು.

ಗ್ಯಾಸ್ ಕಟರಿನ ಹುಡುಗರು
ತೊಲೆಗಳ ಮೇಲೆ ಸೀಮೆಸುಣ್ಣದಲ್ಲಿ ನಂಬರು ಬರೆಯುತ್ತಾರೆ.
ಮೊನ್ನೆ ಒಂದರ ಬಣ್ಣ ಪದರು ಪದರಾಗಿ ಸುಟ್ಟು ಸಿಪ್ಪೆಯೆದ್ದು
ಕೆಳಗೆ ಇನ್ನೊಂದು ನಂಬರು ಕಂಡಿತು,
ಉಳಿಯಿಂದ ಹೊಡೆದದ್ದು,
ಹಡಗಿಳಿದ ತುಂಡುಗಳಲ್ಲಿ ಯಾವುದಕ್ಕೆ ಯಾವುದು ಜೋಡಿ
ಎಂದು ಹೇಳಲಿಕ್ಕೆ.
ಬರುವಾಗ ಮೂವತ್ತೊಂದು. ಹೋಗುವಾಗ ನಾಲ್ಕು.

ನಮ್ಮ ಮುತ್ತ್ಯಾನ ಅಪ್ಪ, ಅಂಬಿಗರ ದುರಗಪ್ಪ,
ಇದೇ ಮಡುವಿನಲ್ಲಿ ಹರಗೋಲು ಹಾಕುತ್ತಿದ್ದ.
ಆಳಿಗೆ ಒಂದು ಕಾಸು, ಆಡಿಗೆ ಅರ್ಧ,
ಬಸುರಿಗೆ ಬಿಟ್ಟಿ.
ಮರಳಲ್ಲಿ ಬಾವಿ ಇಳಿಸಿ ಕಂಬ ಎಬ್ಬಿಸುವಾಗ
ಕಲ್ಲು ಸಾಗಿಸಿದ್ದೂ ಅವನ ಹರಗೋಲೇ, ದಿನಗೂಲಿಗೆ.
ತನ್ನ ಹೊಟ್ಟೆಯ ಮೇಲೆ ತಾನೇ ಕಲ್ಲು ಪೇರಿಸಿದ.
ಮೊದಲ ಗಾಡಿ ದಾಟಿದ ದಿನ
ಹರಗೋಲು ಮಗುಚಿ, ಅದರಡಿ ಮಲಗಿ,
ಮೂರು ದಿನ ಉಣ್ಣಲಿಕ್ಕೆ ಏಳಲಿಲ್ಲವಂತೆ.
"ಹೊಳಿ ದಾಟಸೂದು ಮನಷ್ಯಾನ ಕೆಲಸ,
ಕಬ್ಬಣದ್ದಲ್ಲ."

ಅವನ ಮಗ ಲಗಮಪ್ಪ ಅದೇ ಕಬ್ಬಿಣಕ್ಕೆ ಕೀಮನ್ ಆದ.
ಸಂತೆಯಲ್ಲಿ ಗಡಿಗೆ ಬಡಿದು ನೋಡುವಂತೆ
ರಿವೆಟ್ಟಿನ ತಲೆ ತಟ್ಟಿ ಕಿವಿಗೊಡುತ್ತಿದ್ದ.
ಗಟ್ಟಿಯದು ಟಣ್ ಎನ್ನುತ್ತದೆ.
ಸಡಿಲಾದದ್ದು ಸಾಲಗಾರನ ಹಾಗೆ, ಏನೋ ಅಂದು ಸುಮ್ಮನಾಗುತ್ತದೆ.
ನಡುವೆ ಗಾಡಿ ಬಂದರೆ
ಕಂಬದ ಮೇಲೆ ಹೊರಗೆ ಚಾಚಿದ ಗೇಣಗಲ ಕಟ್ಟೆಯಲ್ಲಿ
ಧೋತರದ ಚುಂಗು ಹಲ್ಲಲ್ಲಿ ಕಚ್ಚಿ ನಿಲ್ಲುತ್ತಿದ್ದ.

ಐವತ್ತಾರರಲ್ಲಿ ರಾಜ್ಯಗಳಿಗೆ ಗೆರೆ ಎಳೆದರು.
ಅದು ನಾಲ್ಕನೇ ಅಂಕಣದ ನಟ್ಟನಡುವೆ ಹಾದಿದೆ ಎಂದರು ಜನ.
ಮುತ್ತ್ಯಾ ಹುಡುಕಿದ, ಸ್ಲೀಪರು ಸ್ಲೀಪರಿಗೂ ಬಗ್ಗಿ.
ಸಂಜೆ ಮಿಸ್ತ್ರಿಗೆ ವರದಿ ಕೊಟ್ಟ:
"ಗೆರಿ ಎಲ್ಲೂ ಸಿಗಲಿಲ್ರಿ.
ಸಿಕ್ಕರ ಬಿಗಿ ಮಾಡ್ತೀನಿ."

ಅವ್ವನ ಮದುವೆಗೆ ಅಕಾಲದ ಪೂರ ಬಂದಿತ್ತು.
ಆ ದಂಡೆಯಿಂದ ಈ ದಂಡೆಗೆ ದಿಬ್ಬಣ ನಡೆದದ್ದು
ಮುತ್ತ್ಯಾನ ಕಂದೀಲಿನ ಹಿಂದೆ, ಇದರ ಮೇಲೆಯೇ.
ಎಷ್ಟು ಸ್ಲೀಪರು ಎಂದು ಈಗಲೂ ಕೇಳಿದರೆ ಹೇಳುತ್ತಾಳೆ,
ಹೇಳುವಾಗ ಎಡಗೈಯಲ್ಲಿ ನಿರಿಗೆ ಎತ್ತಿ ಹಿಡಿಯುತ್ತಾಳೆ.

ನಿನ್ನೆ ಕೊನೆಯ ಲಾರಿ.
ಕಂಬಗಳನ್ನು ಯಾರೂ ಕೇಳಲಿಲ್ಲ, ಕಲ್ಲು ಟನ್ನಿಗೆ ಹೋಗುವುದಿಲ್ಲ.
ಆರೂ ನೀರಲ್ಲಿ ನಿಂತಿವೆ.
ಮೂರನೆಯದರ ಮೈಮೇಲೆ ನೆರೆ ಅಳೆಯುವ ಬಿಳಿ ಪಟ್ಟಿ,
ನೀರುಕಾಗೆಯ ಹಿಕ್ಕೆಗೂ ಅದಕ್ಕೂ ಈಗ ಗುರುತು ಹತ್ತುವುದಿಲ್ಲ.

ಲೆಕ್ಕ ಕೂಡಿಸಿದೆ. ಕಾಗದದ ಸೇತುವೆ ದೊಡ್ಡದು,
ತೂಕಕ್ಕೆ ಬಂದದ್ದು ಸಣ್ಣದು.
"ಬಾಕೀಚ ಕುಠೆ ಗೇಲ?" ಎಂದ ಗುತ್ತಿಗೆದಾರ.

ಹಿತ್ತಲ ಬಾಗಿಲಿಗೆ ಹೊಸ್ತಿಲಾದ ಒಂದು ಪಟ್ಟಿ.
ಕಮ್ಮಾರ ಸಾಲೆಯಲ್ಲಿ ಕುಡಗೋಲಾದ ಒಂದಿಷ್ಟು.
ಅವ್ವ ಬಳ್ಳೊಳ್ಳಿ ಜಜ್ಜುವ ರಿವೆಟ್ಟು.
ಪ್ರತಿ ಮಳೆಗಾಲ ಹೊಳೆಗಿಳಿದ ಕೆಂಪು.

ಒಂದೇ ಮಾತು ಬರೆದೆ: ತುಕ್ಕು.

ಓದಿಸಿಕೊಂಡ. ಸಹಿ ಹಾಕಿದ.
ಮೇಲಿನ ಹಾಳೆ ಹರಿದು ಕಿಸೆಗಿಟ್ಟ.
ಕಾರ್ಬನ್ನಿನಡಿಯ ನೀಲಿ ಪ್ರತಿ
ನನ್ನದು.