ಮೂವತ್ತು ರೂಪಾಯಿಯ ಲೆಕ್ಕ

ದುರ್ಗಿಗುಡಿಯ ಅಡ್ಡರಸ್ತೆ, ಝೆರಾಕ್ಸ್ ಅಂಗಡಿಯ ಹಿಂದೆ
ಜಬೀವುಲ್ಲಾ ಗೇಮಿನ ಸೀಡಿ ಕಾಪಿ ಹೊಡೆಯುತ್ತಿದ್ದ.
ಒಂದಕ್ಕೆ ಮೂವತ್ತು. ಹೆಸರು ಮಾರ್ಕರಿನಲ್ಲಿ,
ಕಾಗುಣಿತ ಅವನದೇ.

ಅಸಲಿನ ಡಬ್ಬಿಯೂ ಒಂದಿತ್ತು ಗಾಜಿನೊಳಗೆ,
ಒಂಬೈನೂರ ತೊಂಬತ್ತೊಂಬತ್ತು;
ಬಿಸಿಲಿಗೆ ಅದರ ಸೈನಿಕ ನೀಲಿಗಟ್ಟಿದ್ದ.
ಯಾರೂ ಕೇಳಲಿಲ್ಲ. ನಾನೂ.

ನಕಲು ಸಿಗದಿದ್ದರೆ ಕೊಳ್ಳುತ್ತಿದ್ದೆನೆ?
ಇಲ್ಲ. ತುಂಗೆಗೆ ಈಜಲು ಹೋಗುತ್ತಿದ್ದೆ, ಅಷ್ಟೆ.
ಹಾಗಂತ ವಾದಿಸಿ ಗೆದ್ದಿದ್ದೇನೆ, ಬಹಳ ಸಲ.

ಎರಡನೇ ಭಾಗ ಬರಲೇ ಇಲ್ಲ.
ಕಂಪನಿಯವರು ಕಳ್ಳಪ್ರತಿಯ ಮೇಲೆ ಹಾಕಿದರು;
ಆಟವೇ ಸಪ್ಪೆಯಿತ್ತೇನೋ, ಯಾರು ಬಲ್ಲರು.

ಈಗ ಸಂಬಳವಿದೆ. ಕೊಳ್ಳೋಣವೆಂದರೆ
ಆ ಅಂಗಡಿಯಲ್ಲಿ ಮೊಬೈಲ್ ಕವರು.
ಸೀಡಿಯ ಬೆನ್ನಿಗೆ ಗೀಚಿಕೊಟ್ಟ
ಹದಿನಾರು ಅಕ್ಷರದ ಕೀಲಿ ಮಾತ್ರ
ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲೆ;
ಕೊನೆಯದು ಸೊನ್ನೆಯೋ, ಇಂಗ್ಲಿಷಿನ ಓ ಅಕ್ಷರವೋ,
ಆ ಅನುಮಾನ ಆಗಲೂ ಇತ್ತು.